ಬಂದವರು ಯಾರು, ಎಷ್ಟು ಗಂಟೆ ಕೂತರು: ‘ಬಿಲ್ಡಿಂಗ್ ಸ್ಟ್ರಾಂಗ್ ಫ್ಯಾಮಿಲೀಸ್’ ಯೋಜನೆಯ ಪ್ರಕರಣ ಅಧ್ಯಯನ

ಜೋಡಿಗಳ ಸಂಬಂಧ ಗಟ್ಟಿಗೊಳಿಸುವ ತರಬೇತಿಗಳ ಕೊನೆಯ ದಿನ ಒಂದು ಹಾಳೆ ಹಂಚುವ ರೂಢಿ ಇದೆ. ‘ಇದರಿಂದ ನಿಮಗೆ ಉಪಯೋಗವಾಯಿತೇ?’ ಎಂಬ ಪ್ರಶ್ನೆಗೆ ಅಂದು ಕೂತವರಲ್ಲಿ ಬಹುತೇಕರು ‘ಆಯಿತು’ ಎಂದೇ ಗುರುತು ಹಾಕುತ್ತಾರೆ. ಉಪಯೋಗ ಕಾಣದವರು ಮೂರನೇ ವಾರಕ್ಕೇ ಬರುವುದು ಬಿಟ್ಟಿರುತ್ತಾರೆ. ಆ ಹಾಳೆ ಅವರ ಕೈಗೆ ಹೋಗುವುದೇ ಇಲ್ಲ. ಕೊನೆತನಕ ಕೂತವರಲ್ಲೂ ತರಬೇತಿ ಇಲ್ಲದೆಯೇ ಚೆನ್ನಾಗಿರುತ್ತಿದ್ದವರು ಎಷ್ಟು ಮಂದಿ ಎಂಬುದು ಆ ಹಾಳೆಯಿಂದ ತಿಳಿಯುವುದಿಲ್ಲ. ಈ ಎರಡೂ ಲೆಕ್ಕಗಳನ್ನು ಬಿಡದೆ ಹಿಡಿದ ದೊಡ್ಡ ಪ್ರಯತ್ನ, ಮದುವೆಯಾಗದೆ ಮಗುವಿನ ತಂದೆತಾಯಿಯಾಗುತ್ತಿದ್ದ ಜೋಡಿಗಳಿಗೆಂದು ನಡೆದ ಅಮೆರಿಕದ ‘ಬಿಲ್ಡಿಂಗ್ ಸ್ಟ್ರಾಂಗ್ ಫ್ಯಾಮಿಲೀಸ್’ ಯೋಜನೆ. ಅದರ ಒಟ್ಟು ಫಲಿತಾಂಶ ನಿರಾಶೆಯದ್ದು. ಆದರೂ ತರಬೇತಿ ನಡೆಸುವವರು ಓದಬೇಕಾದ್ದು ಯಶಸ್ಸಿನ ವರದಿಗಳಿಗಿಂತ ಮೊದಲು ಇದನ್ನೇ.

ಯೋಜನೆ ಮತ್ತು ಅದರ ಹಿಂದಿನ ಆಸೆ

1998ರಿಂದ 2000ದವರೆಗೆ ಅಮೆರಿಕದ 20 ದೊಡ್ಡ ನಗರಗಳಲ್ಲಿ ಹುಟ್ಟಿದ ಸುಮಾರು 4,900 ಮಕ್ಕಳ ಕುಟುಂಬಗಳನ್ನು ‘ಫ್ರಜೈಲ್ ಫ್ಯಾಮಿಲೀಸ್’ ಎಂಬ ಅಧ್ಯಯನ ವರ್ಷಗಟ್ಟಲೆ ಹಿಂಬಾಲಿಸಿತು. ಮದುವೆಯಾಗದ ತಂದೆತಾಯಿಯರಲ್ಲಿ ಹತ್ತಕ್ಕೆ ಎಂಟು ಜೋಡಿಗಳು ಹೆರಿಗೆಯ ಹೊತ್ತಿನಲ್ಲಿ ಪ್ರೀತಿಯಿಂದಲೇ ಇದ್ದವು, ಮದುವೆಯ ಮಾತೂ ನಡೆದಿತ್ತು. ಐದು ವರ್ಷ ಕಳೆಯುವಷ್ಟರಲ್ಲಿ ಒಟ್ಟಿಗೆ ಉಳಿದದ್ದು ಮೂರರಲ್ಲಿ ಒಂದು ಪಾಲು ಎಂಬುದು ಆಮೇಲೆ ತಿಳಿಯಿತು. ಹೆರಿಗೆಯ ಆಸುಪಾಸಿನ ಆ ಹದದ ಗಳಿಗೆಯಲ್ಲಿ ಜೋಡಿಗೆ ಮಾತುಕತೆಯ ಕೌಶಲ ಕಲಿಸಿದರೆ ಮುಂದಿನ ಬಿರುಕು ತಪ್ಪೀತು ಎಂಬ ಆಸೆ ಹುಟ್ಟಿದ್ದು ಈ ಅಧ್ಯಯನದ ಮೊದಲ ಫಲಿತಾಂಶಗಳಿಂದ.

2002ರಲ್ಲಿ ಅಲ್ಲಿನ ಆರೋಗ್ಯ ಮತ್ತು ಮಾನವ ಸೇವೆಗಳ ಇಲಾಖೆ ಯೋಜನೆಗೆ ಕೈಹಾಕಿತು. ಮೌಲ್ಯಮಾಪನದ ಹೊಣೆ ಮ್ಯಾಥಮ್ಯಾಟಿಕಾ ಪಾಲಿಸಿ ರಿಸರ್ಚ್ ಸಂಸ್ಥೆಯದು. ಆರಿಸಿಕೊಂಡದ್ದು ಎಂಟು ಕಡೆ: ಅಟ್ಲಾಂಟಾ, ಬಾಲ್ಟಿಮೋರ್, ಬ್ಯಾಟನ್ ರೂಜ್, ಹ್ಯೂಸ್ಟನ್, ಒಕ್ಲಹೋಮ ಸಿಟಿ, ಸ್ಯಾನ್ ಏಂಜೆಲೊ, ಜೊತೆಗೆ ಫ್ಲಾರಿಡಾ ಮತ್ತು ಇಂಡಿಯಾನಾದ ಕೆಲವು ಕೌಂಟಿಗಳು. ಸೇರಲು ಇಬ್ಬರಿಗೂ 18 ತುಂಬಿರಬೇಕು, ಇಬ್ಬರೂ ಒಪ್ಪಿರಬೇಕು, ಇಬ್ಬರ ನಡುವೆ ಪ್ರೇಮ ಸಂಬಂಧ ಇರಬೇಕು. ಮಗು ಬರುವುದರಲ್ಲಿರಬೇಕು ಅಥವಾ ಮೂರು ತಿಂಗಳಿನೊಳಗಿನ ಕೂಸು ಇರಬೇಕು. ಗರ್ಭ ನಿಂತಾಗ ಮದುವೆ ಆಗಿರಬಾರದು. ಸಂಗಾತಿಯ ಹಿಂಸೆ ಇರುವ ಜೋಡಿಗಳನ್ನು ಸೇರಿಸದಂತೆ ಮೊದಲೇ ವಿಚಾರಿಸುವ ಕ್ರಮವೂ ಇತ್ತು.

2005ರ ಜುಲೈಯಿಂದ 2008ರ ಮಾರ್ಚ್‌ವರೆಗೆ 5,102 ಜೋಡಿಗಳು ಸೇರಿದವು. ಚೀಟಿ ಎತ್ತಿದಂತೆ ಅರ್ಧದಷ್ಟು ಜೋಡಿಗಳಿಗೆ ತರಬೇತಿ ಸಿಕ್ಕಿತು, ಉಳಿದರ್ಧ ಹೋಲಿಕೆಗೆಂದು ಹೊರಗುಳಿಯಿತು. ಎರಡೂ ಗುಂಪಿನವರು ತಾವಾಗಿಯೇ ಬಯಸಿ ಬಂದವರು. ಬದಲಾಗುವ ಮನಸ್ಸು ಎರಡೂ ಕಡೆ ಸಮನಾಗಿತ್ತು ಎಂಬುದೇ ಈ ಅಧ್ಯಯನದ ಬಲ.

ತರಬೇತಿಗೆ ಮೂರು ಭಾಗ. ಗುಂಪಿನಲ್ಲಿ ನಡೆಯುವ ಪಾಠ ಮುಖ್ಯವಾದದ್ದು. ಮನೆಗೆ ಬಂದು ವಿಚಾರಿಸುವ, ಹಾಜರಾತಿಗೆ ಹುರಿದುಂಬಿಸುವ, ಕಲಿತದ್ದನ್ನು ನೆನಪಿಸುವ ಕುಟುಂಬ ಸಂಯೋಜಕರು ಎರಡನೆಯದು. ಕೆಲಸ, ವಸತಿ, ಮನೋಆರೋಗ್ಯದ ತೊಂದರೆಗಳಿಗೆ ಬೇರೆ ಸೇವೆಗಳ ದಾರಿ ತೋರಿಸುವುದು ಮೂರನೆಯದು. ಪಠ್ಯಕ್ರಮಗಳೂ ಮೂರು. ಮನಶ್ಶಾಸ್ತ್ರಜ್ಞ ದಂಪತಿ ಜಾನ್ ಗಾಟ್‌ಮನ್ ಮತ್ತು ಜೂಲಿ ಗಾಟ್‌ಮನ್ ರೂಪಿಸಿದ ‘ಲವಿಂಗ್ ಕಪಲ್ಸ್ ಲವಿಂಗ್ ಚಿಲ್ಡ್ರನ್’ ಐದು ಕಡೆ ನಡೆಯಿತು, ‘ಲವ್ಸ್ ಕ್ರೇಡಲ್’ ಹ್ಯೂಸ್ಟನ್ ಮತ್ತು ಸ್ಯಾನ್ ಏಂಜೆಲೊದಲ್ಲಿ. ಇವೆರಡೂ 42 ಗಂಟೆಯವು. ಒಕ್ಲಹೋಮ ಸಿಟಿ ಮಾತ್ರ 30 ಗಂಟೆಯ ‘ಬಿಕಮಿಂಗ್ ಪೇರೆಂಟ್ಸ್’ ಪಠ್ಯವನ್ನು ಹಿಡಿಯಿತು. ಒಂದು ಜೋಡಿಗೆ ತಗುಲಿದ ವೆಚ್ಚ ಸರಾಸರಿ 11,000 ಡಾಲರ್.

ಒಂದು ಪಾಠ ಹತ್ತಿರದಿಂದ

ಈ ಬಗೆಯ ತರಬೇತಿಯಲ್ಲಿ ಕಲಿಸುವುದು ಏನು ಎಂಬುದು ತಿಳಿಯದೆ ಅಂಕಿಗಳು ಅರ್ಥವಾಗುವುದಿಲ್ಲ. ‘ಬಿಕಮಿಂಗ್ ಪೇರೆಂಟ್ಸ್’ ಪಠ್ಯದ ಬೇರು ಡೆನ್ವರ್ ವಿಶ್ವವಿದ್ಯಾಲಯದ ಹೊವರ್ಡ್ ಮಾರ್ಕ್‌ಮನ್ ಮತ್ತು ಸ್ಕಾಟ್ ಸ್ಟ್ಯಾನ್ಲಿ ಬೆಳೆಸಿದ ‘ಪ್ರೆಪ್’ ಎಂಬ ಪದ್ಧತಿಯಲ್ಲಿದೆ. ಅದರ ನಡುಗಂಬ ಹೇಳುವವರು-ಕೇಳುವವರು ಅಭ್ಯಾಸ. ಒಂದು ರಟ್ಟಿನ ಚೀಟಿ ಇರುತ್ತದೆ. ಅದು ಯಾರ ಕೈಯಲ್ಲಿದೆಯೋ ಅವರು ಮಾತಾಡಬೇಕು. ಹೇಳುವವರು ತಮ್ಮ ಬಗ್ಗೆ ಮಾತ್ರ ಹೇಳಬೇಕು, ಒಂದೆರಡು ವಾಕ್ಯಕ್ಕೆ ನಿಲ್ಲಿಸಬೇಕು. ಕೇಳುವವರು ತಾವು ಕೇಳಿಸಿಕೊಂಡದ್ದನ್ನು ತಮ್ಮ ಮಾತಿನಲ್ಲಿ ಹಿಂದಿರುಗಿಸಬೇಕು, ಎದುರುವಾದ ಹೂಡಬಾರದು. ಆಮೇಲೆ ಚೀಟಿ ಕೈ ಬದಲಾಗುತ್ತದೆ. ಚೀಟಿ ಆಡುತ್ತಿರುವಷ್ಟು ಹೊತ್ತು ಪರಿಹಾರದ ಮಾತು ಎತ್ತುವಂತಿಲ್ಲ.

ಬರೆದಷ್ಟು ಸುಲಭವಲ್ಲ. ಎಳೆಗೂಸಿನ ತಾಯಿ ಹೀಗೆ ಶುರು ಮಾಡಿದಳು ಎಂದುಕೊಳ್ಳಿ:

“ರಾತ್ರಿ ಮಗು ಅತ್ತಾಗಲೆಲ್ಲ ನಾನೊಬ್ಬಳೇ ಏಳ್ತೀನಿ. ಬೆಳಿಗ್ಗೆ ಹೊತ್ತಿಗೆ ಮೈಯಲ್ಲಿ ಜೀವಾನೇ ಇರಲ್ಲ.”

“ನಾನೂ ಐದಕ್ಕೆ ಎದ್ದು ಕೆಲಸಕ್ಕೆ ಹೋಗ್ಬೇಕಲ್ಲ.”

ಇದು ಕೇಳಿಸಿಕೊಂಡ ಮಾತಲ್ಲ, ಉತ್ತರ. ಅವಳು ಇನ್ನೊಂದು ಮೆಟ್ಟಿಲು ದನಿ ಏರಿಸುತ್ತಾಳೆ. ಗುಂಪು ನಡೆಸುವವರು ಇಲ್ಲಿ ತಡೆದು, “ಚೀಟಿ ಅವಳ ಕೈಯಲ್ಲಿದೆ. ಅವಳು ಏನೆಂದಳು, ಅಷ್ಟನ್ನು ಹೇಳಿ” ಎನ್ನಬೇಕು. ಎರಡನೇ ಸಲ ಅವನು, “ರಾತ್ರಿ ನೀನೊಬ್ಬಳೇ ಏಳ್ತಿದ್ದೀಯ, ಅದಕ್ಕೇ ಬೆಳಿಗ್ಗೆ ಅಷ್ಟು ಸುಸ್ತು ಅಂತಿದ್ದೀಯ” ಎನ್ನುತ್ತಾನೆ. ಅವಳು “ಹೂಂ” ಎಂದು ಸುಮ್ಮನಾಗುತ್ತಾಳೆ. ಆ ‘ಹೂಂ’ ಬಂದ ಮೇಲೆ ಚೀಟಿ ಅವನಿಗೆ. ಐದು ಗಂಟೆಯ ಕೆಲಸದ ಮಾತು ಈಗ ಬರಲಿ, ಅದನ್ನು ಅವಳು ಹಿಂದಿರುಗಿಸಲಿ. ಸರದಿ ಹೇಗೆ ಹಂಚಿಕೊಳ್ಳುವುದು ಎಂಬ ಚರ್ಚೆ ಇದೆಲ್ಲ ಮುಗಿದ ಮೇಲಿನದು.

ಕೆಡುವುದು ಸಾಮಾನ್ಯವಾಗಿ ನಾಲ್ಕು ಜಾಗದಲ್ಲಿ. ಹೇಳುವವರು ‘ನಾನು’ ಬಿಟ್ಟು ‘ನೀನು ಯಾವತ್ತೂ ಹೀಗೇ’ ಎಂದು ಎದುರಿನವರ ಮನಸ್ಸಿಗೆ ಅರ್ಥ ಹಚ್ಚಲು ಹೊರಡುತ್ತಾರೆ. ಕೇಳುವವರು ಹಿಂದಿರುಗಿಸುವ ಮಾತಿನಲ್ಲೇ ಕೊಂಕು ಸೇರಿಸುತ್ತಾರೆ: “ಅಂದ್ರೆ ನಾನು ಏನೂ ಮಾಡಲ್ಲ ಅಂತಿದ್ದೀಯ.” ಇಬ್ಬರಲ್ಲೊಬ್ಬರು ಬೇಗ ಮುಗಿಸುವ ಆತುರದಲ್ಲಿ ಪರಿಹಾರಕ್ಕೆ ಹಾರುತ್ತಾರೆ. ನಾಲ್ಕನೆಯದು ಗುಂಪು ನಡೆಸುವವರದೇ ತಪ್ಪು, ಅದೇ ಎಲ್ಲಕ್ಕಿಂತ ದುಬಾರಿ: ಯಾರು ಸರಿ ಎಂದು ತೀರ್ಪು ಕೊಟ್ಟುಬಿಡುವುದು. ತೀರ್ಪು ಯಾರ ವಿರುದ್ಧ ಬಿತ್ತೋ ಅವರು ಮುಂದಿನ ವಾರ ಬರುವುದಿಲ್ಲ. ಅವರ ಜೊತೆಗಾರರೂ ಬರುವುದಿಲ್ಲ.

ಇದರ ಜೊತೆಗೆ ಕಲಿಸುವ ಇನ್ನೊಂದು ಕೌಶಲ ವಿರಾಮ. ಜಗಳದಲ್ಲಿ ನಾಡಿ ನಿಮಿಷಕ್ಕೆ 100 ದಾಟಿತೆಂದರೆ ಎದುರಿನವರ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗುವುದಿಲ್ಲ ಎಂಬುದು ಗಾಟ್‌ಮನ್ ಅವರ ಪ್ರಯೋಗಾಲಯದ ಕೆಲಸದಿಂದ ಬಂದ ತಿಳಿವಳಿಕೆ. ದೇಹ ತಣ್ಣಗಾಗಲು ಕನಿಷ್ಠ 20 ನಿಮಿಷ ಬೇಕು. ಈ ಅಭ್ಯಾಸದಲ್ಲಿ ಜನ ಮರೆಯುವುದು ಒಂದೇ, ಮರಳುವ ಹೊತ್ತನ್ನು ಹೇಳಿ ಹೋಗುವುದನ್ನು. “ಈಗ ಬೇಡ, ಎಂಟೂವರೆಗೆ ಕೂರೋಣ” ಎಂದರೆ ಅದು ವಿರಾಮ. ಏನೂ ಹೇಳದೆ ಬಾಗಿಲು ಹಾಕಿಕೊಂಡು ಹೋದರೆ ಉಳಿದವರಿಗೆ ಅದು ತಿರಸ್ಕಾರವಾಗಿಯೇ ಕಾಣುತ್ತದೆ.

ಇಂಥ ಕೌಶಲ ಒಂದು ಸಲ ಕೇಳಿದರೆ ಕೈಗೆ ಹತ್ತುವುದಿಲ್ಲ. ತರಗತಿಯಲ್ಲಿ ಮೂರು ನಾಲ್ಕು ಸಲ, ಮನೆಯಲ್ಲಿ ವಾರಕ್ಕೆರಡು ಸಲ, ಅದೂ ಮೊದಲು ಜಗಳವಿಲ್ಲದ ಸಣ್ಣ ವಿಷಯಗಳ ಮೇಲೆ ಆಡಿ ಪಳಗಬೇಕು. ಗಂಟೆಗಳ ಲೆಕ್ಕ ಅಷ್ಟು ಮುಖ್ಯವಾಗುವುದು ಇದಕ್ಕೇ.

15 ತಿಂಗಳ ನಂತರ ಕಂಡದ್ದು

ಮೊದಲ ಫಲಿತಾಂಶ 2010ರಲ್ಲಿ ಬಂತು. ಎಂಟೂ ಕಡೆಯ ಲೆಕ್ಕ ಕೂಡಿಸಿದಾಗ, ತರಬೇತಿ ಸಿಕ್ಕ ಗುಂಪಿನಲ್ಲಿ ಶೇ 76 ಜೋಡಿಗಳು ಇನ್ನೂ ಒಂದಾಗಿದ್ದವು. ಹೋಲಿಕೆ ಗುಂಪಿನಲ್ಲಿ ಶೇ 77. ಮದುವೆಯಾದವರು ಶೇ 17 ಮತ್ತು ಶೇ 18. ಸಂಬಂಧದ ಸುಖ, ಒಬ್ಬರಿಗೊಬ್ಬರ ಆಸರೆ, ಜಗಳ ನಿಭಾಯಿಸುವ ರೀತಿ, ನಿಷ್ಠೆ ಯಾವುದರಲ್ಲೂ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ.

ಹೋಲಿಕೆ ಗುಂಪು ಇಲ್ಲದಿದ್ದರೆ ಇದೇ ಅಂಕಿಯನ್ನು ಹೇಗೆ ಓದುತ್ತಿದ್ದೆವು ಎಂದು ಯೋಚಿಸಬೇಕು. ‘ತರಬೇತಿಯ ನಂತರ ನಾಲ್ಕರಲ್ಲಿ ಮೂರು ಜೋಡಿಗಳು ಒಂದೂಕಾಲು ವರ್ಷ ಕಳೆದರೂ ಒಟ್ಟಿಗಿವೆ’ ಎಂದು ಹೆಮ್ಮೆಯಿಂದ ಬರೆಯುತ್ತಿದ್ದರು. ಆ ವಾಕ್ಯದಲ್ಲಿ ಸುಳ್ಳು ಒಂದಕ್ಷರವೂ ಇಲ್ಲ, ಆದರೆ ತರಬೇತಿ ಪಡೆಯದವರ ಬಗ್ಗೆಯೂ ಅದೇ ಮಾತು ನಿಜ. ‘ಮೊದಲು-ಆಮೇಲೆ’ ಅಳತೆಯನ್ನಷ್ಟೇ ನಂಬಿ ನಡೆಯುವ ಎಲ್ಲ ಕಾರ್ಯಕ್ರಮಗಳಿಗೂ ಈ ಅಪಾಯ ಇದ್ದೇ ಇದೆ.

ಒಟ್ಟು ಲೆಕ್ಕ ಬಿಡಿಸಿ ಊರೂರಿನ ಲೆಕ್ಕ ನೋಡಿದಾಗ ಚಿತ್ರ ಬದಲಾಯಿತು. ಆರು ಕಡೆ ಹೇಳಿಕೊಳ್ಳುವಂಥದ್ದು ಹೆಚ್ಚೇನಿರಲಿಲ್ಲ. ಉಳಿದೆರಡು ಕಡೆ ಫಲ ಎದುರುಬದುರು ದಿಕ್ಕಿಗೆ ಹೋಗಿತ್ತು. ಒಕ್ಲಹೋಮ ಸಿಟಿಯಲ್ಲಿ ತರಬೇತಿ ಗುಂಪಿನವರ ಸುಖ, ಆಸರೆ, ಜಗಳದಲ್ಲಿನ ನಡವಳಿಕೆ, ನಿಷ್ಠೆ ಎಲ್ಲವೂ ಹೋಲಿಕೆ ಗುಂಪಿಗಿಂತ ಮೇಲಿದ್ದವು. ಬಾಲ್ಟಿಮೋರ್‌ನಲ್ಲಿ ತರಬೇತಿ ಗುಂಪಿನ ಶೇ 59 ಜೋಡಿಗಳಷ್ಟೇ ಒಂದಾಗಿ ಉಳಿದಿದ್ದವು, ಹೋಲಿಕೆ ಗುಂಪಿನಲ್ಲಿ ಶೇ 70. ಅದಕ್ಕಿಂತ ಕಳವಳದ ಸಂಗತಿ ಇನ್ನೊಂದಿತ್ತು. ಹಿಂದಿನ ಒಂದು ವರ್ಷದಲ್ಲಿ ಪ್ರೇಮ ಸಂಗಾತಿಯೊಬ್ಬರಿಂದ ತೀವ್ರ ದೈಹಿಕ ಹಲ್ಲೆಗೆ ಒಳಗಾದೆವು ಎಂದು ತರಬೇತಿ ಗುಂಪಿನ ಶೇ 15 ತಾಯಂದಿರು ಹೇಳಿದರು. ಹೋಲಿಕೆ ಗುಂಪಿನಲ್ಲಿ ಹಾಗೆ ಹೇಳಿದವರು ಶೇ 9.

ಹಾಜರಾತಿ ಪುಸ್ತಕ ಹೇಳುವುದು

ತರಬೇತಿ ಸಿಕ್ಕ ಜೋಡಿಗಳಲ್ಲಿ ಒಂದಾದರೂ ತರಗತಿಗೆ ಇಬ್ಬರೂ ಒಟ್ಟಿಗೆ ಬಂದದ್ದು ಶೇ 55. ಎಲ್ಲ ಜೋಡಿಗಳ ಸರಾಸರಿ ತೆಗೆದರೆ ತರಗತಿಯಲ್ಲಿ ಕಳೆದದ್ದು 14 ಗಂಟೆ. 42 ಗಂಟೆಯ ಪಾಠದಲ್ಲಿ ಅದು ಮೂರರಲ್ಲೊಂದು ಪಾಲು.

ಕಾರಣ ಹುಡುಕಲು ಬಹಳ ದೂರ ಹೋಗಬೇಕಿಲ್ಲ. ವಾರಕ್ಕೆ ಎರಡು ಗಂಟೆಯಂತೆ 42 ಗಂಟೆ ಮುಗಿಯಲು 21 ವಾರ ಬೇಕು, ಅಂದರೆ ಹತ್ತಿರ ಹತ್ತಿರ ಐದು ತಿಂಗಳು. ಮೊದಲ ವಾರದಲ್ಲಿ ತುಂಬು ಬಸುರಿಯಾಗಿದ್ದವಳಿಗೆ ನಡುವೆ ಹೆರಿಗೆಯಾಗುತ್ತದೆ. ಆಗಷ್ಟೇ ಕೆಲಸ ಸಿಕ್ಕವನಿಗೆ ಪಾಳಿ ಬದಲಾಗುತ್ತದೆ. ಬಾಡಿಗೆ ಮನೆ ಬಿಡಬೇಕಾಗುತ್ತದೆ, ಫೋನ್ ನಂಬರ್ ಬದಲಾಗುತ್ತದೆ. ಎರಡು ವಾರ ತಪ್ಪಿದ ಜೋಡಿಗೆ ಮೂರನೇ ವಾರ ಬರಲು ಸಂಕೋಚ. ತರಬೇತಿಗೆ ಬರಬೇಕಾದ ಇಬ್ಬರಲ್ಲಿ ಒಬ್ಬರಿಗೆ ಅಡ್ಡಿ ಬಂದರೂ ಇಬ್ಬರೂ ತಪ್ಪಿದಂತೆಯೇ. ಒಬ್ಬರೇ ಕಲಿಯುವ ತರಗತಿಗಿಂತ ಜೋಡಿ ತರಗತಿಯ ಹಾಜರಾತಿ ಸುಲಭವಾಗಿ ಕೆಳಗಿಳಿಯುವುದು ಇದರಿಂದ.

ಒಕ್ಲಹೋಮ ಸಿಟಿಯಲ್ಲಿ ಶೇ 45 ಜೋಡಿಗಳು ಪಠ್ಯದ ಐದರಲ್ಲಿ ನಾಲ್ಕು ಪಾಲು ಅಥವಾ ಅದಕ್ಕಿಂತ ಹೆಚ್ಚು ಮುಗಿಸಿದವು. ಉಳಿದ ಏಳು ಕಡೆ ಯಾವ ಊರಿನಲ್ಲೂ ಆ ಪಾಲು ಶೇ 9 ದಾಟಲಿಲ್ಲ. ಈ ಅಂತರ ಬೆರಗು ಹುಟ್ಟಿಸುವಂಥದ್ದು. ಅಲ್ಲಿ ಮಾಡಿದ ಮೂರು ಕೆಲಸಗಳು ಗಮನಕ್ಕೆ ಬರುತ್ತವೆ. ಪಾಠ 30 ಗಂಟೆಗೇ ಮುಗಿಯುತ್ತಿತ್ತು. ಹಾಜರಾತಿಗೆ ಹಣದ ಪ್ರೋತ್ಸಾಹ ಇತ್ತು. ಮದುವೆಯಾದ, ಆಗದ ಜೋಡಿಗಳು ಒಂದೇ ಗುಂಪಿನಲ್ಲಿ ಕೂರುತ್ತಿದ್ದವು. ಮೂರನೆಯದು ಚಿಕ್ಕ ವಿಷಯವೆಂದು ಕಂಡರೂ, ‘ತೊಂದರೆಯಲ್ಲಿರುವವರ ತರಗತಿ’ ಎಂಬ ಮುದ್ರೆ ಅದರಿಂದ ಅಳಿಸಿಹೋಗುತ್ತದೆ, ಜೊತೆಗೆ ಇನ್ನಷ್ಟು ಹಳಬ ಜೋಡಿಗಳು ಹೇಗೆ ನಿಭಾಯಿಸುತ್ತಾರೆ ಎಂಬುದು ಕಣ್ಣೆದುರೇ ಕಾಣುತ್ತದೆ.

ಆದರೆ ಹಾಜರಾತಿ ಹೆಚ್ಚಿದ್ದರಿಂದಲೇ ಫಲ ಸಿಕ್ಕಿತು ಎಂದು ಗೆರೆ ಎಳೆದು ಹೇಳಲಾಗದು. ಗಟ್ಟಿಯಾಗಿರುವ ಜೋಡಿಗಳೇ ಹೆಚ್ಚು ತರಗತಿಗೆ ಬರುತ್ತಾರೆ. ಬಂದವರನ್ನು ಬಾರದವರ ಜೊತೆ ಹೋಲಿಸಿದರೆ ತರಬೇತಿಯ ಫಲವೂ ಅವರ ಮೂಲ ಗಟ್ಟಿತನವೂ ಬೆರೆತುಹೋಗುತ್ತವೆ. ಪಠ್ಯ ಬೇರೆ, ಗುಂಪಿನ ರಚನೆ ಬೇರೆ, ಹಣದ ಪ್ರೋತ್ಸಾಹ ಬೇರೆ. ಇಷ್ಟೂ ಒಂದೇ ಊರಿನಲ್ಲಿ ಒಟ್ಟಿಗೆ ಬದಲಾಗಿರುವಾಗ ಯಾವುದರ ಪಾಲು ಎಷ್ಟು ಎಂದು ಬೇರ್ಪಡಿಸುವ ದಾರಿ ಇಲ್ಲ. ಧೈರ್ಯವಾಗಿ ಹೇಳಬಹುದಾದ್ದು ಇಷ್ಟು: ಏಳು ಕಡೆ ಪೂರ್ಣ ತರಬೇತಿ ಪರೀಕ್ಷೆಗೇ ಬರಲಿಲ್ಲ, ಪರೀಕ್ಷೆಗೆ ಬಂದದ್ದು ಅದರ ತುಣುಕು.

ಬಾಲ್ಟಿಮೋರ್‌ನಲ್ಲಿ ಆದದ್ದು

ಅಲ್ಲಿಗೆ ಬಂದ ಜೋಡಿಗಳ ಸ್ಥಿತಿ ಬೇರೆ ಕಡೆಗಳಿಗಿಂತ ನಾಜೂಕಾಗಿತ್ತು. ಒಂದೇ ಸೂರಿನಡಿ ಇದ್ದವರು ಕಡಿಮೆ, ಮದುವೆಯಾಗುವ ನಿರೀಕ್ಷೆ ಇದ್ದವರು ಕಡಿಮೆ, ಸಂಪಾದನೆ ಇದ್ದ ತಂದೆಯರೂ ಕಡಿಮೆ. ಇಂಥ ಜೋಡಿಗೆ ಮಾತಿನ ಕೌಶಲ ಕೊಟ್ಟರೆ ಏನಾಗಬಹುದು?

ಒಂದು ಸಾಧ್ಯತೆ ಹೀಗೆ. ಪಾಠದಲ್ಲಿ ಒಳ್ಳೆಯ ಸಂಬಂಧ ಹೇಗಿರುತ್ತದೆ ಎಂದು ವಾರವಾರವೂ ತೋರಿಸುತ್ತಾರೆ: ಮಗುವಿನ ಖರ್ಚು ಹಂಚಿಕೊಳ್ಳುವುದು, ಮಾತಿಗೆ ತಪ್ಪದಿರುವುದು, ಒಬ್ಬರಿಗೇ ನಿಷ್ಠರಾಗಿರುವುದು. ಕೆಲಸವಿಲ್ಲದ ತಂದೆಗೆ ಆ ಪಟ್ಟಿ ತನ್ನ ಸೋಲುಗಳ ಪಟ್ಟಿಯಂತೆ ಕಾಣಬಹುದು. ತಾಯಿಗೆ ಅದುವರೆಗೆ ಹೊಂದಿಕೊಂಡು ಬಂದದ್ದು ಇನ್ನು ಸಹಿಸಲಾಗದ್ದಾಗಿ ಕಾಣಬಹುದು. ಮುಚ್ಚಿಟ್ಟ ಮಾತುಗಳು ತರಗತಿಯಲ್ಲಿ ತೆರೆದುಕೊಂಡು, ಮನೆಗೆ ಹೋಗುವ ದಾರಿಯಲ್ಲಿ ಜಗಳವಾಗಬಹುದು. ಕೌಶಲ ಇನ್ನೂ ಅರ್ಧ ಕಲಿತದ್ದು, ವಿಷಯ ಮಾತ್ರ ಪೂರ್ತಿ ಹೊರಬಿದ್ದದ್ದು. ಏಳೆಂಟು ವಾರಕ್ಕೆ ತರಗತಿ ಬಿಟ್ಟವರ ಸ್ಥಿತಿ ಬಹಳ ಸಲ ಇದೇ.

ಬೇರ್ಪಡುವುದೆಲ್ಲ ಸೋಲಲ್ಲ. ಹೊಡೆಯುವ ಸಂಗಾತಿಯನ್ನು ಬಿಟ್ಟು ಹೊರಬಂದರೆ ಅದು ತಾಯಿಗೂ ಮಗುವಿಗೂ ಕ್ಷೇಮ. ಆದರೆ ಹಲ್ಲೆಯ ಅಂಕಿ ಮೇಲೇರಿರುವಾಗ ಆ ಸಮಾಧಾನ ಸಾಲುವುದಿಲ್ಲ. ಸೇರುವ ಮುಂಚೆ ಹಿಂಸೆಯ ವಿಚಾರಣೆ ನಡೆದಿತ್ತು, ಆದರೂ ಹೀಗಾಯಿತು. ಆರಂಭದಲ್ಲಿ ಒಮ್ಮೆ ಕೇಳಿ ಬಿಡುವ ಪ್ರಶ್ನೆಗೆ ಬಸುರಿ ತಾಯಿ ಅಪರಿಚಿತರೆದುರು ನಿಜ ಹೇಳಿಯೇ ಹೇಳುತ್ತಾಳೆ ಎಂದು ನಂಬುವಂತಿಲ್ಲ. ಅಂದು ಹಿಂಸೆ ಇಲ್ಲದಿದ್ದರೂ ಬೇರ್ಪಡುವ ದಿನಗಳಲ್ಲಿ ಅದು ಶುರುವಾಗಬಹುದು. ಅಪಾಯ ಹೆಚ್ಚುವುದು ಆಗಲೇ.

ಎಂಟು ಊರು, ಹತ್ತಾರು ಅಳತೆ ಇರುವ ಅಧ್ಯಯನದಲ್ಲಿ ಕೆಲವು ವ್ಯತ್ಯಾಸ ಕಾಕತಾಳೀಯವಾಗಿಯೂ ಬರುತ್ತವೆ ಎಂಬ ಎಚ್ಚರ ಬೇಕು. ಮೂರು ವರ್ಷದ ಹೊತ್ತಿಗೆ ಬಾಲ್ಟಿಮೋರ್‌ನ ಕೆಟ್ಟ ಫಲಗಳು ಬಹುಮಟ್ಟಿಗೆ ಮಾಸಿದ್ದವು. ಆ ಹೊತ್ತಿಗೆ ಫ್ಲಾರಿಡಾದ ಲೆಕ್ಕದಲ್ಲಿ ಕೆಟ್ಟ ಫಲ ಕಾಣಿಸಿಕೊಂಡಿತ್ತು. ‘ಒಳ್ಳೆಯದಾಗದಿದ್ದರೂ ಕೆಟ್ಟದ್ದಂತೂ ಆಗುವುದಿಲ್ಲ’ ಎಂಬ ಮಾತು ಈ ಕ್ಷೇತ್ರದಲ್ಲಿ ಬಹಳ ಕೇಳಿಬರುತ್ತದೆ. ಈ ಪ್ರಕರಣವಾದ ಮೇಲೆ ಅದನ್ನು ಹೇಳುವ ಹಕ್ಕು ಯಾರಿಗೂ ಉಳಿದಿಲ್ಲ.

ಮೂರು ವರ್ಷದ ನಂತರ

2012ರ ಕೊನೆಯಲ್ಲಿ ಬಂದ 36 ತಿಂಗಳ ವರದಿಯಲ್ಲಿ ಒಟ್ಟಾರೆ ಸಂಬಂಧದ ಗುಣಮಟ್ಟಕ್ಕಾಗಲಿ, ಮದುವೆಗಾಗಲಿ ಪ್ರಯೋಜನ ಕಾಣಲಿಲ್ಲ. ತಂದೆಯರು ಮಕ್ಕಳೊಂದಿಗೆ ತೊಡಗಿಕೊಳ್ಳುವ ಕೆಲವು ಅಂಶಗಳಲ್ಲಿ ಸಣ್ಣ ಇಳಿಕೆ ಇತ್ತು. ಮಕ್ಕಳ ನಡವಳಿಕೆಯ ತೊಂದರೆಗಳಲ್ಲಿ ಕೊಂಚ ಇಳಿಕೆ ಇತ್ತು. ಒಕ್ಲಹೋಮ ಸಿಟಿಯಲ್ಲಿ ಹುಟ್ಟಿದಂದಿನಿಂದ ತಂದೆತಾಯಿ ಇಬ್ಬರ ಜೊತೆಯಲ್ಲೇ ಬೆಳೆದ ಮಕ್ಕಳು ತರಬೇತಿ ಗುಂಪಿನಲ್ಲಿ ಶೇ 49, ಹೋಲಿಕೆ ಗುಂಪಿನಲ್ಲಿ ಶೇ 41. ನೂರರಲ್ಲಿ ಎಂಟು ಮಕ್ಕಳಿಗೆ ಮನೆ ಒಡೆಯದೆ ಉಳಿದದ್ದು ಕಡಿಮೆ ಮಾತಲ್ಲ.

ಬೇರೆ ಅಧ್ಯಯನಗಳ ಪಕ್ಕದಲ್ಲಿಟ್ಟರೆ

ಈ ಒಂದು ಪ್ರಕರಣದಿಂದ ಇಂಥ ತರಬೇತಿಗಳೆಲ್ಲ ವ್ಯರ್ಥ ಎನ್ನುವುದೂ ತಪ್ಪು. 2008ರಲ್ಲಿ ಆಲನ್ ಹಾಕಿನ್ಸ್ ಮತ್ತು ಸಂಗಡಿಗರು 86 ವರದಿಗಳನ್ನು ಒಟ್ಟುಗೂಡಿಸಿ ನೋಡಿದಾಗ ಸಂಬಂಧದ ಗುಣಮಟ್ಟದಲ್ಲಿ 0.30ರಿಂದ 0.36, ಮಾತುಕತೆಯ ಕೌಶಲದಲ್ಲಿ 0.43ರಿಂದ 0.45 ಪ್ರಮಾಣದ ಫಲ ಕಂಡಿತ್ತು. ಸಂಖ್ಯಾಶಾಸ್ತ್ರದ ಈ ಅಳತೆಯಲ್ಲಿ 0.2 ಸಣ್ಣದು, 0.5 ಮಧ್ಯಮ. 9ರಿಂದ 20 ಗಂಟೆಯ ತರಬೇತಿಗಳು ಅದಕ್ಕಿಂತ ಚಿಕ್ಕವಕ್ಕಿಂತ ಚೆನ್ನಾಗಿ ಫಲಿಸಿದ್ದವು. ಆದರೆ ಆ ವರದಿಗಳ ಜೋಡಿಗಳು ಹೆಚ್ಚಾಗಿ ಮದುವೆಯಾದವರು ಅಥವಾ ನಿಶ್ಚಿತಾರ್ಥವಾದವರು, ಓದಿದವರು, ಹೆಚ್ಚು ತೊಂದರೆ ಇಲ್ಲದವರು.

ಬಡತನವಿದ್ದೂ ಮದುವೆಯಾಗಿದ್ದ ಜೋಡಿಗಳ ಮೇಲೆ ಅದೇ ಕಾಲದಲ್ಲಿ ‘ಸಪೋರ್ಟಿಂಗ್ ಹೆಲ್ದಿ ಮ್ಯಾರೇಜ್’ ಎಂಬ ಇನ್ನೊಂದು ಯೋಜನೆ ನಡೆಯಿತು. ಅದರಲ್ಲಿ 6,298 ಜೋಡಿಗಳಿದ್ದವು, ಅಲ್ಲೂ ಚೀಟಿ ಎತ್ತಿಯೇ ಹಂಚಿಕೆಯಾಗಿತ್ತು. ಹಾಜರಾತಿ ಬಹಳ ಮೇಲಿತ್ತು. ಶೇ 83 ಜೋಡಿಗಳು ಒಂದಾದರೂ ತರಗತಿಗೆ ಬಂದವು. ವರ್ಷದ ನಂತರ ದಾಂಪತ್ಯದ ಸುಖವನ್ನು 1ರಿಂದ 7ರ ಅಳತೆಯಲ್ಲಿ ಕೇಳಿದಾಗ ತರಬೇತಿ ಗುಂಪು 5.94, ಹೋಲಿಕೆ ಗುಂಪು 5.79. ಫಲ ಸಣ್ಣದು, ಆದರೆ 30 ತಿಂಗಳವರೆಗೂ ಉಳಿಯಿತು. ಜೊತೆಯಲ್ಲಿ ಉಳಿಯುವವರ ಸಂಖ್ಯೆ ಮಾತ್ರ ಹೆಚ್ಚಲಿಲ್ಲ. ಅಮೆರಿಕದ ಸೇನೆಯ 476 ದಂಪತಿಗಳನ್ನು ಎರಡು ಗುಂಪು ಮಾಡಿ ಒಂದಕ್ಕೆ ‘ಪ್ರೆಪ್’ ಪದ್ಧತಿಯ ತರಬೇತಿ ಕೊಟ್ಟಾಗ ಒಂದು ವರ್ಷದಲ್ಲಿ ಆ ಗುಂಪಿನಲ್ಲಿ ವಿಚ್ಛೇದನ ಶೇ 2.03, ಹೋಲಿಕೆ ಗುಂಪಿನಲ್ಲಿ ಶೇ 6.20. ಕಲಿಸಿದವರು ಸೇನೆಯ ಧರ್ಮಗುರುಗಳೇ, ಅಂದರೆ ದಂಪತಿಗಳ ಬದುಕು ಗೊತ್ತಿದ್ದವರು.

ಈ ಮೂರನ್ನು ಸಾಲಾಗಿ ಇಟ್ಟರೆ ಒಂದು ದಿಕ್ಕು ಕಾಣುತ್ತದೆ. ಒಟ್ಟಿಗಿರಲು ಇಬ್ಬರೂ ಈಗಾಗಲೇ ನಿರ್ಧರಿಸಿರುವ ಕಡೆ ಕೌಶಲದ ಪಾಠಕ್ಕೆ ನಿಲ್ಲಲು ನೆಲ ಸಿಗುತ್ತದೆ. ಆ ನಿರ್ಧಾರವೇ ಇನ್ನೂ ತೂಗುಯ್ಯಾಲೆಯಲ್ಲಿರುವ ಕಡೆ ಅದೇ ಪಾಠ ನಿರ್ಧಾರವನ್ನು ಎತ್ತ ಬೇಕಾದರೂ ತಳ್ಳಬಹುದು. ಬಲ ಕೊಡುವುದು ಬೇರೆ, ಬೆಸುಗೆ ಹಾಕುವುದು ಬೇರೆ. ಸಂಬಂಧ ಬಲಪಡಿಸುವ ತರಬೇತಿಗೆ ಮೊದಲನೆಯದು ಬರುತ್ತದೆ, ಎರಡನೆಯದು ಬರುವುದಿಲ್ಲ.

ತರಬೇತಿ ನಡೆಸುವವರು ಇದರಿಂದ ಬದಲಿಸಿಕೊಳ್ಳಬೇಕಾದ್ದು

ಪಾಠವನ್ನು 12ರಿಂದ 20 ಗಂಟೆಯೊಳಗೆ ಇಳಿಸಿ. ಎರಡೂವರೆ ಗಂಟೆಯ ಆರರಿಂದ ಎಂಟು ತರಗತಿ ಸಾಕು. ಸೇರುವವರ ಹೆರಿಗೆಯ ದಿನಾಂಕ ಮುಂದಿಟ್ಟುಕೊಂಡು ವೇಳಾಪಟ್ಟಿ ಮಾಡಿ. ಹೇಳುವವರು-ಕೇಳುವವರು ಅಭ್ಯಾಸ ಮತ್ತು ವಿರಾಮ ಮೊದಲ ಎರಡು ತರಗತಿಯಲ್ಲೇ ಬರಲಿ, ಏಕೆಂದರೆ ಜನ ಬಿಡುವುದು ಎರಡನೆಯದರಿಂದ ನಾಲ್ಕನೆಯದರ ನಡುವೆ. ಹಣ, ಹಿಂದಿನ ಸಂಬಂಧದ ಮಕ್ಕಳು, ನಂಬಿಕೆದ್ರೋಹ ಇಂಥ ಸುಡುವ ವಿಷಯಗಳನ್ನು ಕೌಶಲ ಪಳಗುವ ಮುಂಚೆ ತೆರೆಯಲೇಬೇಡಿ. ಗುಂಪಿಗೆ ಐದಾರು ಜೋಡಿ, ನಡೆಸಲು ಒಬ್ಬ ಹೆಂಗಸು ಒಬ್ಬ ಗಂಡಸು. ಅಭ್ಯಾಸದ ಹೊತ್ತಿನಲ್ಲಿ ಇಬ್ಬರೂ ಜೋಡಿಯಿಂದ ಜೋಡಿಗೆ ಓಡಾಡಬೇಕು, ವೇದಿಕೆಯ ಮೇಲೆ ನಿಂತು ಭಾಷಣ ಮಾಡಬಾರದು. ತರಗತಿಯ ಅರ್ಧಕ್ಕಿಂತ ಹೆಚ್ಚು ಹೊತ್ತು ಅಭ್ಯಾಸಕ್ಕೆ ಹೋಗಲಿ. ಕೇಳಿಸಿಕೊಂಡು ತಲೆದೂಗುವುದು ಕಲಿಕೆಯಲ್ಲ.

ತಪ್ಪಿದ ತರಗತಿಗೆ ಅದೇ ವಾರ ಮರುಪಾಠದ ಒಂದು ಗಂಟೆ ಇಡಿ. ಕೂಸು ನೋಡಿಕೊಳ್ಳುವ ವ್ಯವಸ್ಥೆ ಪಕ್ಕದ ಕೋಣೆಯಲ್ಲೇ ಇರಲಿ, ಬೇರೆ ಕಟ್ಟಡದಲ್ಲಿದ್ದರೆ ತಾಯಂದಿರು ಕೂಸನ್ನು ಅಲ್ಲಿ ಬಿಡುವುದಿಲ್ಲ. ಬರಲಾಗದವರಿಗೆ ಆನ್‌ಲೈನ್ ದಾರಿಯೂ ಇದೆ. ಬ್ರಯನ್ ಡಾಸ್ ಮತ್ತು ಸಂಗಡಿಗರು 300 ಜೋಡಿಗಳ ಮೇಲೆ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮನೆಯಲ್ಲೇ ಕೂತು ಮಾಡುವ ಕೆಲವೇ ಗಂಟೆಗಳ ಪಾಠ ಮತ್ತು ನಾಲ್ಕು ಚುಟುಕು ಕರೆಗಳಿಂದಲೇ ಸಂಬಂಧದ ತೃಪ್ತಿ ಚೆನ್ನಾಗಿ ಏರಿತ್ತು. ಅವರು ತಮ್ಮ ಸಂಬಂಧದಲ್ಲಿ ತೊಂದರೆ ಇದೆಯೆಂದು ಒಪ್ಪಿಕೊಂಡು ತಾವಾಗಿ ಬಂದ ಜೋಡಿಗಳು ಎಂಬುದನ್ನು ಮರೆಯಬಾರದು.

ಹಿಂಸೆಯ ವಿಚಾರಣೆ ಇಬ್ಬರನ್ನೂ ಬೇರೆ ಬೇರೆ ಕೂರಿಸಿಯೇ ನಡೆಯಬೇಕು, ಹೆಣ್ಣಿನ ಹತ್ತಿರ ಹೆಣ್ಣೇ ಕೇಳಬೇಕು. ‘ಹಿಂಸೆ ಇದೆಯೇ’ ಎಂದು ಕೇಳಿದರೆ ‘ಇಲ್ಲ’ ಎಂಬ ಉತ್ತರ ಬರುತ್ತದೆ. ‘ಜಗಳವಾದಾಗ ತಳ್ಳಿದ್ದು, ಕತ್ತು ಹಿಡಿದದ್ದು, ಫೋನ್ ಕಿತ್ತುಕೊಂಡದ್ದು ಉಂಟೇ? ಅವರೆದುರು ಮನಸ್ಸಿನಲ್ಲಿದ್ದುದನ್ನು ಹೇಳಲು ಹೆದರಿಕೆ ಆಗುತ್ತದೆಯೇ?’ ಎಂದು ಬಿಡಿಬಿಡಿಯಾಗಿ ಕೇಳಬೇಕು. ಕೊನೆಯ ಪ್ರಶ್ನೆಗೆ ‘ಹೌದು’ ಎಂದರೂ ಸಾಕು, ಆ ಜೋಡಿಗೆ ಗುಂಪಿನ ತರಗತಿ ಬೇಡ. ಮನಸ್ಸು ಬಿಚ್ಚಿ ಮಾತಾಡು ಎಂದು ಹೆದರಿದವಳಿಗೆ ಹೇಳಿಕೊಡುವುದು ಅವಳನ್ನು ಅಪಾಯಕ್ಕೆ ಒಡ್ಡಿದಂತೆ. ಅದೇ ಪ್ರಶ್ನೆಗಳನ್ನು ನಡುವಿನಲ್ಲಿ ಒಮ್ಮೆ, ಯಾರಾದರೂ ಬರುವುದು ನಿಲ್ಲಿಸಿದಾಗ ಒಮ್ಮೆ ಮತ್ತೆ ಕೇಳಬೇಕು. ತಂದೆಗೆ ಕೆಲಸವಿಲ್ಲದಿದ್ದರೆ ಉದ್ಯೋಗದ ನೆರವು ಮೊದಲು, ಮಾತಿನ ಪಾಠ ಆಮೇಲೆ.

ಅಳತೆಗೆ ನಂಬಬಹುದಾದ ಉಪಕರಣಗಳಿವೆ. 2007ರಲ್ಲಿ ಪ್ರಕಟವಾದ ‘ಕಪಲ್ಸ್ ಸ್ಯಾಟಿಸ್‌ಫ್ಯಾಕ್ಷನ್ ಇಂಡೆಕ್ಸ್’ನ 16 ಪ್ರಶ್ನೆಯ ರೂಪ ತುಂಬಲು ಐದು ನಿಮಿಷ ಸಾಕು. ಅಂಕ 0ಯಿಂದ 81ರವರೆಗೆ, 51.5ಕ್ಕಿಂತ ಕೆಳಗೆ ಬಂದರೆ ಸಂಬಂಧದಲ್ಲಿ ಗಣನೀಯ ಅತೃಪ್ತಿ ಇದೆಯೆಂದು ತಿಳಿಯಬೇಕು. ಅಂಥವರಿಗೆ ಗುಂಪಿನ ಪಾಠಕ್ಕಿಂತ ಆಪ್ತಸಮಾಲೋಚನೆ ಮೇಲು. ಹಾಳೆಯನ್ನು ಇಬ್ಬರೂ ಬೇರೆ ಬೇರೆ ಕೂತು ತುಂಬಲಿ. ಪಕ್ಕಪಕ್ಕ ಕೂತರೆ ಅಂಕ ಏರುತ್ತದೆ. ಸೇರುವಾಗ, ಮುಗಿದಾಗ, ಆರು ತಿಂಗಳಿಗೆ, ವರ್ಷಕ್ಕೆ, ಹೀಗೆ ನಾಲ್ಕು ಸಲ. ಸೀಟಿಗಿಂತ ಅರ್ಜಿ ಹೆಚ್ಚು ಬಂದಾಗ ಮೊದಲ ತಂಡಕ್ಕೆ ಯಾರು, ನಾಲ್ಕು ತಿಂಗಳ ನಂತರದ ತಂಡಕ್ಕೆ ಯಾರು ಎಂದು ಚೀಟಿ ಎತ್ತಿ. ಆ ನಾಲ್ಕು ತಿಂಗಳ ಮಟ್ಟಿಗೆ ಕಾಯುವವರೇ ಹೋಲಿಕೆ ಗುಂಪಾಗುತ್ತಾರೆ, ಯಾರಿಗೂ ಅನ್ಯಾಯವಾಗುವುದಿಲ್ಲ. ಹೊಸದಾಗಿ ಖರ್ಚೂ ಇಲ್ಲ.

ವರ್ಷದ ಕರೆ ಮಾಡುವಾಗ ಪಟ್ಟಿಯ ಮೇಲ್ತುದಿಯಲ್ಲಿ ಮೂರನೇ ವಾರ ಬಿಟ್ಟುಹೋದವರ ಹೆಸರಿರಲಿ. ಇಬ್ಬರಿಗೂ ಬೇರೆ ಬೇರೆ ಫೋನ್ ಮಾಡಿ, ತಾಯಿಗೆ ಮೊದಲು. ಪಕ್ಕದಲ್ಲಿ ಯಾರಾದರೂ ಇದ್ದಾರೆಯೇ ಎಂದು ಕೇಳಿಕೊಂಡೇ ಮಾತು ಮುಂದುವರಿಸಿ.